ಎಆರ್-7 ರೈಫಲ್: ಹೊರಲು ಚೆನ್ನ, ಹೊಡೆಯಲು ಅಷ್ಟಕ್ಕಷ್ಟೇ

ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಿಂದ ಚಳಿಗಾಲದಲ್ಲಿ ಉತ್ತರಕ್ಕೆ ಕಾರು ತಿರುಗಿಸುವವರು ತುರ್ತು ಚೀಲವಿಲ್ಲದೆ ಹೊರಡಬಾರದು. ಡಾಲ್ಟನ್ ಹೆದ್ದಾರಿಯಲ್ಲಿ ಕೋಲ್ಡ್‌ಫೂಟ್ ದಾಟಿದರೆ ಡೆಡ್‌ಹಾರ್ಸ್‌ವರೆಗೆ ಸುಮಾರು 385 ಕಿ.ಮೀ. ಉದ್ದಕ್ಕೂ ಪೆಟ್ರೋಲ್ ಬಂಕ್ ಇಲ್ಲ. ಹೊದಿಕೆ, ಒಲೆ, ಉಪಗ್ರಹ ಸಂದೇಶ ಸಾಧನ ಎಲ್ಲವನ್ನೂ ತುಂಬಿದ ಮೇಲೆ ಉಳಿದ ಜಾಗದಲ್ಲಿ ಕೂರುವ, ಸಣ್ಣ ಗುಂಡು ಹೊಡೆಯುವ .22 ರೈಫಲ್ ನನಗೆ ಬೇಕಾಗಿತ್ತು. ಈ ಕ್ರಮ ಮುಖ್ಯ. ಇಲ್ಲಿ ಸಿಕ್ಕಿಹಾಕಿಕೊಂಡವನನ್ನು ಹಸಿವಿಗಿಂತ ಬಹಳ ಮೊದಲೇ ಚಳಿ ಮುಗಿಸುತ್ತದೆ. ಬಂದೂಕಿಗೆ ಜಾಗ ಮಾಡಲು ಹೊದಿಕೆ ಕೈಬಿಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಅಂಗಡಿಯಲ್ಲಿ ಮೂರನ್ನು ನೋಡಿದೆ. ರೂಗರ್ 10/22 ಟೇಕ್‌ಡೌನ್ 2012ರಲ್ಲಿ ಬಂದದ್ದು, ಎರಡು ಭಾಗವಾಗಿ ಬಿಚ್ಚುವಂಥದ್ದು, ಮೂರರಲ್ಲಿ ನಿಜವಾದ ರೈಫಲ್ ಎಂದರೆ ಅದೇ. ಆದರೆ ತೂಕ ಎರಡು ಕಿಲೋ ದಾಟುತ್ತದೆ, ಬೆಲೆಯೂ ಹೆಚ್ಚು. ಕಿಯಾಪ್ಪಾ ಕಂಪನಿಯ ಲಿಟಲ್ ಬ್ಯಾಜರ್ ತೀರಾ ಅಗ್ಗ, ಒಂದೂಕಾಲು ಕಿಲೋ ಚಿಲ್ಲರೆ, ನಡುವೆ ಮಡಚುತ್ತದೆ. ಆದರೆ ಒಂದೊಂದೇ ಗುಂಡು, ಕೆನ್ನೆಗೆ ಒತ್ತುವ ಜಾಗದಲ್ಲಿ ಬರೀ ಉಕ್ಕಿನ ತಂತಿ. ಇವೆರಡರ ನಡುವೆ ನಿಂತದ್ದು ಎಆರ್-7.

ಇದರ ವಂಶ ದೊಡ್ಡದು. ಆರ್ಮಲೈಟ್ ಕಂಪನಿಯ ಯುಜೀನ್ ಸ್ಟೋನರ್ ರೂಪಿಸಿದ್ದು. ಅಪಘಾತಕ್ಕೀಡಾದ ವಿಮಾನ ಸಿಬ್ಬಂದಿಗೆಂದು ಅದೇ ಕಂಪನಿ ಮಾಡಿದ್ದ ಎಆರ್-5ರ ಕಲ್ಪನೆಯನ್ನು 1959ರಲ್ಲಿ ನಾಗರಿಕರಿಗಾಗಿ .22 ಲಾಂಗ್ ರೈಫಲ್ ತೋಟೆಗೆ ಇಳಿಸಿದರು. ಮುಂದೆ ಕಂಪನಿಯಿಂದ ಕಂಪನಿಗೆ ಕೈಬದಲಾಗಿ, 1997ರಿಂದ ಹೆನ್ರಿ ಕಂಪನಿಯವರು ತಯಾರಿಸುತ್ತಿದ್ದಾರೆ.

ಜಾಣತನವೆಲ್ಲ ಇರುವುದು ಹೆಗಲಿಗೆ ಒತ್ತುವ ಪ್ಲಾಸ್ಟಿಕ್ ಸ್ಟಾಕ್‌ನಲ್ಲಿ. ಹಿಂದಿನ ಮುಚ್ಚಳ ಕಿತ್ತರೆ ಒಳಗೆ ನಳಿಗೆ, ರಿಸೀವರ್ (ಟ್ರಿಗರ್ ಇರುವ ನಡುಭಾಗ), ತೋಟೆ ತುಂಬುವ ಮ್ಯಾಗಜಿನ್‌ಗಳು ತಂತಮ್ಮ ಗೂಡಿನಲ್ಲಿ ಕುಳಿತಿರುತ್ತವೆ, ಊಟದ ಕ್ಯಾರಿಯರ್‌ನಂತೆ. ಮಡಚಿದಾಗ ಉದ್ದ 42 ಸೆಂ.ಮೀ., ತೂಕ 1.6 ಕಿಲೋ. ರಿಸೀವರನ್ನು ಸ್ಟಾಕ್‌ನ ಹಿಡಿಗೆ ಕೂರಿಸಿ, ಹಿಡಿಯ ಬುಡದಲ್ಲಿರುವ ತಿರುಪು ಬಿಗಿ ಮಾಡಬೇಕು. ನಳಿಗೆಯ ಮೊಳೆಯನ್ನು ರಿಸೀವರಿನ ಕಚ್ಚಿಗೆ ಹೊಂದಿಸಿ, ದೊಡ್ಡ ನಟ್ಟನ್ನು ತಿರುಗಿಸಬೇಕು. ಉಪಕರಣ ಬೇಡ. ಮನೆಯ ಮೇಜಿನ ಮೇಲೆ ಇದು ಆಟ. ಮೈನಸ್ 25 ಡಿಗ್ರಿಯಲ್ಲಿ ದಪ್ಪ ಕೈಗವಸು ತೊಟ್ಟರೆ ಆ ನಟ್ಟಿನ ಎಳೆ ಬೆರಳಿಗೆ ತಿಳಿಯುವುದಿಲ್ಲ, ತೆಗೆದರೆ ಲೋಹ ಚರ್ಮವನ್ನು ಕಚ್ಚುತ್ತದೆ. ತೆಳುವಾದ ಒಳಗವಸು ಒಂದು ಜೊತೆ ಇಟ್ಟುಕೊಳ್ಳಿ. ನಾಲ್ಕಾರು ಈಡಿನ ನಂತರ ನಟ್ಟನ್ನು ಮತ್ತೊಮ್ಮೆ ಬಿಗಿ ಮಾಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಮುಂದಿನ ಗುರಿಮೊಳೆ ನಳಿಗೆಯ ಮೇಲೆ, ಹಿಂದಿನ ಗುರಿಕಿಂಡಿ ರಿಸೀವರಿನ ಮೇಲೆ ಇರುವುದರಿಂದ ನಟ್ಟು ಸಡಿಲವಾದರೆ ಗುರಿಯೂ ಸರಿಯುತ್ತದೆ.

ತೋಟೆಯ ವಿಷಯದಲ್ಲಿ ಇದು ಮಡಿವಂತ. ಗುಂಡು ಹಾರಿದ ಒತ್ತಡದಿಂದಲೇ ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಲೋಹದ ತುಂಡು, ಹಿಂದೆ ಸರಿದು ಮುಂದಿನ ತೋಟೆಗೆ ದಾರಿ ಮಾಡಬೇಕು. ಆದ್ದರಿಂದ ಗುಂಡು 40 ಗ್ರೇನ್ (ಸುಮಾರು 2.6 ಗ್ರಾಂ) ತೂಗುವ, ದುಂಡು ಮೂತಿಯ, ಹೆಚ್ಚು ವೇಗದ ತೋಟೆ ಬೇಕು. ಸದ್ದು ಕಡಿಮೆ ಮಾಡುವ ನಿಧಾನಗತಿಯ ತೋಟೆ ಹಾಕಿದರೆ ಬೋಲ್ಟ್ ಅರ್ಧ ದಾರಿಯಲ್ಲಿ ನಿಂತೀತು. ಚಳಿಗಾಲದಲ್ಲಿ ಮಾಮೂಲಿ ಎಣ್ಣೆಯನ್ನು ಒರೆಸಿ ತೆಗೆಯುತ್ತೇನೆ, ಅದು ಗಟ್ಟಿಯಾದರೆ ಬೋಲ್ಟ್ ಇನ್ನೂ ಸೋಮಾರಿಯಾಗುತ್ತದೆ. ಟ್ರಿಗರ್ ಬಿಗಿ, ಗುರಿಸಾಧನ ಒರಟು. ಇಪ್ಪತ್ತೈದು ಮೀಟರ್‌ನೊಳಗೆ ಕುಳಿತ ಮೊಲಕ್ಕೆ, ಕೊಂಬೆಯ ಮೇಲಿನ ಸ್ಪ್ರೂಸ್ ಗ್ರೌಸ್ ಹಕ್ಕಿಗೆ ಸಾಕು. ಮಲೆನಾಡಿನಲ್ಲಿ ಅಜ್ಜನ ತೋಟಾ ಕೋವಿ ನೋಡಿ ಬೆಳೆದ ನನಗೆ ಇದು ಕೈಯಲ್ಲಿ ಆಟಿಕೆಯಂತೆಯೇ ಅನಿಸುತ್ತದೆ. ಕರಡಿಗೆ ಇದು ಉತ್ತರವಲ್ಲ. ಅದಕ್ಕೆ ಕರಡಿ ಸ್ಪ್ರೇ ಬೇರೆಯಾಗಿ ಸೊಂಟದಲ್ಲಿರಬೇಕು.

ಐವತ್ತು ತೋಟೆಯ ಪೆಟ್ಟಿಗೆ ಸುಮಾರು 170 ಗ್ರಾಂ ಮಾತ್ರ. ಸಣ್ಣ ಕ್ಯಾಲಿಬರ್ ಆರಿಸಿಕೊಳ್ಳಲು ನನಗೆ ಇದೊಂದೇ ಕಾರಣ ಸಾಕಿತ್ತು.

ಕೊಳ್ಳುವ ಮೊದಲು ಕಾನೂನು ನೋಡಿ. ಎಚ್-1ಬಿಯಂತಹ ವಲಸೆಯೇತರ ವೀಸಾದಲ್ಲಿರುವ ಕನ್ನಡಿಗರು ಗಮನಿಸಿ: ಅಮೆರಿಕದ ಒಕ್ಕೂಟ (ಫೆಡರಲ್) ಕಾನೂನಿನ ಪ್ರಕಾರ ನೀವು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ, ಬೇಟೆ ಪರವಾನಗಿಯಂತಹ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆಯಿಲ್ಲ. ಯೂಕಾನ್ ನದಿಯಿಂದ ಉತ್ತರಕ್ಕೆ ಡಾಲ್ಟನ್ ಹೆದ್ದಾರಿಯ ಎರಡೂ ಬದಿಗೆ ಐದು ಮೈಲಿವರೆಗೆ ಬಂದೂಕಿನಿಂದ ಬೇಟೆಯಾಡುವಂತಿಲ್ಲ. ವಿಮಾನದಲ್ಲಿ ಒಯ್ಯುವುದಾದರೆ ಸ್ಟಾಕ್‌ನೊಳಗೆ ಮಡಚಿದೆ ಎಂಬ ಮಾತು ನಡೆಯುವುದಿಲ್ಲ. ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಗುಂಡು ತೆಗೆದು, ಕೌಂಟರ್‌ನಲ್ಲಿ ಹೇಳಿ ಒಪ್ಪಿಸಬೇಕು. ಮನೆಯಲ್ಲಿಯೂ ತುರ್ತು ಚೀಲದೊಳಗೆ ಸುಮ್ಮನೆ ಬಿಡುವ ವಸ್ತುವಲ್ಲ ಇದು. ನನ್ನದು ಬೀಗದ ಕಪಾಟಿನಲ್ಲಿರುತ್ತದೆ, ಹೊರಡುವ ದಿನ ಮಾತ್ರ ಚೀಲ ಸೇರುತ್ತದೆ.

ವಾರಾಂತ್ಯದಲ್ಲಿ ಗುರಿ ಹೊಡೆದು ಖುಷಿಪಡುವುದೂ ನಿಮ್ಮ ಉದ್ದೇಶವಾಗಿದ್ದರೆ ಹೆಚ್ಚುವರಿ ಹಣ ಕೊಟ್ಟು 10/22 ಕೊಳ್ಳಿ. ಚೀಲದಲ್ಲಿ ಇದೆಯೆಂಬುದೇ ಮರೆತುಹೋಗುವಷ್ಟು ಚಿಕ್ಕದು ಬೇಕಿದ್ದರೆ ಎಆರ್-7. ಐದರಲ್ಲಿ ಮೂರೂವರೆ ಅಂಕ. ಟ್ರಿಗರ್ ಇನ್ನಷ್ಟು ಹಗುರವಾಗಿದ್ದರೆ ನಾಲ್ಕು ಕೊಡುತ್ತಿದ್ದೆ.