ತೋಟದ ಪಂಪಿಗೆ ಯಾವ ಚಿಪ್: ಹಳೆ ಇಎಸ್‌ಪಿ32 ಅಥವಾ ಸಿ3?

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮೋಟರನ್ನು ಜಗಲಿಯಲ್ಲಿ ಕೂತೇ ಚಾಲೂ ಮಾಡುವ ಪೆಟ್ಟಿಗೆ ಕಟ್ಟಬೇಕು ಅಂತಿಟ್ಟುಕೊಳ್ಳಿ. ಇದಕ್ಕೆ ಬಳಸುವ ವೈಫೈ, ಬ್ಲೂಟೂತ್ ಇರುವ ಪುಟ್ಟ ಚಿಪ್ಪುಗಳು ಇಎಸ್‌ಪಿ32, ಇಎಸ್‌ಪಿ32-ಸಿ3. ಎರಡನ್ನೂ ಮಾಡುವವರು ಒಬ್ಬರೇ. ಒಳಗಿನ ಪ್ರೊಸೆಸರ್ ಮಾತ್ರ ಬೇರೆ ಜಾತಿಯದು.

ಹಳೆಯದರಲ್ಲಿರುವುದು ಎಕ್ಸ್‌ಟೆನ್ಸಾ ಎಂಬ ಪ್ರೊಸೆಸರ್ ವಿನ್ಯಾಸ, ಒಂದು ಕಂಪನಿಯ ಸ್ವತ್ತು. ಎರಡು ಕೋರ್, 240 ಮೆಗಾಹರ್ಟ್ಸ್. ಸಿ3ಯಲ್ಲಿರುವುದು ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸ, 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, ಯಾರು ಬಳಸಿದರೂ ಪರವಾನಗಿ ಶುಲ್ಕವಿಲ್ಲ. ಒಂದೇ ಕೋರ್, 160 ಮೆಗಾಹರ್ಟ್ಸ್. ಮೋಟರನ್ನು ಹಚ್ಚಿ ಆರಿಸುವ ಸ್ವಿಚ್ಚಾದ ರಿಲೇ ಎಳೆಯಲು ಇದೂ ಹೆಚ್ಚೇ.

ಎಕ್ಸ್‌ಟೆನ್ಸಾದಂತೆ ಸ್ವಂತ ವಿನ್ಯಾಸ ಇಟ್ಟುಕೊಂಡವರ ಕಷ್ಟ ಚಿಪ್ಪಿನದಲ್ಲ, ಅದರ ಸಂಸಾರದ್ದು. ಕೋಡನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರ್, ತಪ್ಪು ಹುಡುಕುವ ಡಿಬಗರ್, ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ಬೆಂಬಲ ಎಲ್ಲವನ್ನೂ ಒಬ್ಬರೇ ಸಾಕಬೇಕು. 2018ರಲ್ಲಿ ಲಿನಕ್ಸ್ 4.17 ಬಂದಾಗ ಬ್ಲ್ಯಾಕ್‌ಫಿನ್ ಸೇರಿ ಎಂಟು ಪ್ರೊಸೆಸರ್ ವಿನ್ಯಾಸಗಳ ಬೆಂಬಲವನ್ನು ಅದರ ತಿರುಳಾದ ಕರ್ನಲ್‌ನಿಂದ ತೆಗೆದೇಬಿಟ್ಟರು. ತನ್ನದೇ ಆರ್‌ಎಕ್ಸ್ ವಿನ್ಯಾಸ ಇದ್ದ ಜಪಾನಿನ ಚಿಪ್ ಕಂಪನಿ ರೆನೆಸಾಸ್ ಕೂಡ 2019ರಲ್ಲಿ, ಹಲವು ಕಂಪನಿಗಳು ಬಳಸುವ ಆರ್ಮ್ ಕೋರಿನ ಆರ್‌ಎ ಚಿಪ್ ಸಾಲು ತಂದಿತು. ನಮ್ಮಲ್ಲೂ ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರ್ ರಿಸ್ಕ್-ಫೈವ್ ಮೇಲೆಯೇ ನಿಂತಿದೆ.

ಹೊಸದಾಗಿ ಶುರು ಮಾಡುವವರಿಗೆ ನನ್ನ ಓಟು ಸಿ3ಗೆ. ಆದರೆ ಅದರಲ್ಲಿ ಹಳೇ ನಮೂನೆಯ ಕ್ಲಾಸಿಕ್ ಬ್ಲೂಟೂತ್ ಇಲ್ಲ, ಕಡಿಮೆ ವಿದ್ಯುತ್ತಿನ ಬ್ಲೂಟೂತ್ ಆದ ಬಿಎಲ್‌ಇ ಮಾತ್ರ. ನಿಮ್ಮ ಫೋನಿನ ಆ್ಯಪ್ ಕ್ಲಾಸಿಕ್ ಕೇಳುತ್ತಿದ್ದರೆ ಹಳೆಯದನ್ನೇ ತನ್ನಿ. ಈಗಾಗಲೇ ಆರ್ಡುಯಿನೊ ಉನೊ ಎಂಬ ಇನ್ನೊಂದು ಕಂಟ್ರೋಲರ್ ಬೋರ್ಡಿನಲ್ಲಿ ಪಂಪ್ ಓಡುತ್ತಿದೆಯೇ? ಮುಟ್ಟಬೇಡಿ.

ಅಂದಹಾಗೆ, ಆಷಾಢದ ಥಂಡಿಗೆ ಎಕ್ಸ್‌ಟೆನ್ಸಾ, ರಿಸ್ಕ್-ಫೈವ್ ಅನ್ನುವ ಭೇದ ಇಲ್ಲ. ಪೆಟ್ಟಿಗೆಗೆ ರಬ್ಬರ್ ಗ್ಯಾಸ್ಕೆಟ್ ಮೊದಲು ಹಾಕಿಸಿ.