ವಾಟ್ಸಾಪ್ ಬಿಸಿನೆಸ್ ಆ್ಯಪ್, ನಾಲ್ಕು ಹಂಗಾಮಿನ ನಂತರ: ಆ್ಯಡ್‌ಗೆ ಹಾಕಿದ ದುಡ್ಡು ವಾಪಸ್ ಬಂತಾ?

ಶಿರಸಿ ಹತ್ತಿರದ ಹಳ್ಳಿ ನಮ್ಮದು. ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಕರ್ನಾಟಕದೊಳಗೆ ಪಾರ್ಸೆಲ್ ಕಳಿಸುತ್ತೇವೆ. ಅಂಗಡಿ ಇಲ್ಲ, ವೆಬ್‌ಸೈಟೂ ಇಲ್ಲ. ಆರ್ಡರ್ ಬರುವುದು ವಾಟ್ಸಾಪ್‌ನಲ್ಲಿ, ದುಡ್ಡು ಬರುವುದು ಯುಪಿಐನಲ್ಲಿ. ವ್ಯಾಪಾರಿಗಳಿಗೆಂದೇ ಇರುವ ವಾಟ್ಸಾಪ್ ಬಿಸಿನೆಸ್ ಆ್ಯಪ್‌ನ ಕ್ಯಾಟಲಾಗ್, ತಾನಾಗಿ ಹೋಗುವ ನಮಸ್ಕಾರದ ಮೆಸೇಜ್, ಇದೆಲ್ಲ ಬಳಸುವವರಿಗೆ ಗೊತ್ತೇ ಇದೆ. ನಾನು ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ಗೆ ಸುರಿದ ದುಡ್ಡಿನಿಂದ ವ್ಯಾಪಾರ ಆಯ್ತಾ ಇಲ್ವಾ ಅಂತ ನೋಡಲು ಇದು ನನಗೆ ಹೇಗೆ ಉಪಯೋಗಕ್ಕೆ ಬಂತು ಎಂದು ಹೇಳುತ್ತೇನೆ.

ಮೊದಲ ವರ್ಷ, ಅಂದರೆ 2022ರಲ್ಲಿ, ಪ್ರಚಾರದ ಕೆಲಸವನ್ನು ಒಂದು ಏಜೆನ್ಸಿಗೆ ಕೊಟ್ಟಿದ್ದೆವು. ಹೆಸರು ಬೇಡ. ತಿಂಗಳಿಗೊಂದು ಪಿಡಿಎಫ್ ಬರುತ್ತಿತ್ತು, ನೋಡಲು ಬಲು ಚಂದ. ರೀಚ್, ಅಂದರೆ ಪೋಸ್ಟ್ ಕಂಡವರು, ಇಷ್ಟು ಸಾವಿರ, ಲೈಕ್ ಇಷ್ಟು, ಫಾಲೋವರ್ ಇಷ್ಟು ಜಾಸ್ತಿ, ಎಲ್ಲದರ ಪಕ್ಕದಲ್ಲೂ ಹಸಿರು ಬಾಣ. "ಇವರಲ್ಲಿ ಎಷ್ಟು ಜನ ಉಪ್ಪಿನಕಾಯಿ ತಗೊಂಡ್ರು?" ಎಂದು ಕೇಳಿದೆ. "ಮೇಡಂ, ಇದು ಬ್ರ್ಯಾಂಡ್ ಅವೇರ್‌ನೆಸ್, ಜನಕ್ಕೆ ನಿಮ್ಮ ಹೆಸರು ಗೊತ್ತು ಮಾಡೋದು. ಈಗಲೇ ಗೊತ್ತಾಗಲ್ಲ" ಎಂದರು. ಮಿಡಿ ಉಪ್ಪಿನಲ್ಲಿ ಚಿರುಟಲು ದಿನ ಹಿಡಿಯುತ್ತದೆ ಅಂತ ನನಗೂ ಗೊತ್ತು. ಆದರೆ ಭರಣಿ ಮುಚ್ಚಳ ತೆಗೆದರೆ ಎಷ್ಟು ಚಿರುಟಿದೆ ಅಂತಾದರೂ ಕಾಣುತ್ತದೆ ಅಲ್ವಾ? ಮುಂದಿನ ಹಂಗಾಮಿಗೆ ಅವರನ್ನು ಬಿಟ್ಟೆವು.

ಆಮೇಲೆ ನಾನೇ ಆ್ಯಡ್ ಹಾಕಲು ಕಲಿತೆ. ಒತ್ತಿದರೆ ನೇರ ವಾಟ್ಸಾಪ್ ಚಾಟ್ ತೆರೆಯುವಂಥದ್ದು. ಇದರಲ್ಲಿ ಆ್ಯಡ್ಸ್ ಮ್ಯಾನೇಜರ್ (ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಆ್ಯಡ್ ಹಾಕಿ ಅದರ ಲೆಕ್ಕ ನೋಡುವ ಜಾಗ) 'ಫಲಿತಾಂಶ' ಎಂದು ತೋರಿಸುವುದು ಎಷ್ಟು ಚಾಟ್ ಶುರುವಾದವು ಎನ್ನುವುದನ್ನು. "ರೇಟ್ ಎಷ್ಟು?" ಎಂದು ಕೇಳಿ ಮಾಯವಾದವರೂ ಒಂದೇ, ಆರು ಬಾಟಲಿ ಕೊಂಡವರೂ ಒಂದೇ. ಲೆಕ್ಕ ಸುಳ್ಳಲ್ಲ, ಅದು ಎಣಿಸುವುದೇ ಅಷ್ಟು. ಮುಂದಿನದನ್ನು ನಾವೇ ಎಣಿಸಿಕೊಳ್ಳಬೇಕು.

ಎಣಿಸಲು ಎರಡು ಸೌಕರ್ಯ ಸಾಕಾಯ್ತು. ಒಂದು, ಲೇಬಲ್. ಪ್ರತಿ ಚಾಟ್‌ಗೂ ಬಣ್ಣದ ಚೀಟಿ ಅಂಟಿಸಿದ ಹಾಗೆ. ಇನ್ನೊಂದು ಲಿಂಕ್. ವಾಟ್ಸಾಪ್ ಲಿಂಕ್‌ನ ಕೊನೆಗೆ ನಮಗೆ ಬೇಕಾದ ಮಾತು ಸೇರಿಸಬಹುದು. ಒತ್ತಿದವರ ಚಾಟ್‌ನಲ್ಲಿ ಅದು ಮೊದಲೇ ಟೈಪ್ ಆಗಿ ಕೂತಿರುತ್ತದೆ, ಕಳಿಸಿದರೆ ಆಯ್ತು. ನಮ್ಮ ಇನ್‌ಸ್ಟಾ ಬಯೋದ ಲಿಂಕ್‌ನಲ್ಲಿ "ಮಿಡಿ ಬೇಕಿತ್ತು" ಎಂದಿದೆ. ಫೇಸ್‌ಬುಕ್ ಪೇಜ್‌ನದ್ದರಲ್ಲಿ "ಅಪ್ಪೆಮಿಡಿ ಬೇಕಿತ್ತು". ಬಾಟಲಿ ಮೇಲೆ ಅಂಟಿಸಿದ ಕ್ಯೂಆರ್‌ನಲ್ಲಿ "ಇನ್ನೊಂದು ಬಾಟಲಿ ಬೇಕಿತ್ತು". ಗಿರಾಕಿಗೆ ಏನೂ ವಿಶೇಷ ಅನ್ನಿಸುವುದಿಲ್ಲ. ನನಗೆ ಮಾತ್ರ ಮೊದಲ ಸಾಲಿನಲ್ಲೇ ಇವರು ಯಾವ ಬಾಗಿಲಿನಿಂದ ಬಂದರು ಅಂತ ಗೊತ್ತಾಗುತ್ತದೆ. ಕೆಲವರು ಅದನ್ನು ಅಳಿಸಿ ಸುಮ್ನೆ "ಹಾಯ್" ಅಂತ ಕಳಿಸುತ್ತಾರೆ. ಅವರನ್ನು ಬಾಯಿಬಿಟ್ಟು ಕೇಳಬೇಕು.

ಇಷ್ಟಾದರೂ ಲೆಕ್ಕ ತಪ್ಪುತ್ತಿತ್ತು. ಕಂಡುಹಿಡಿದದ್ದು ಅತ್ತೆ. ಒಂದು ಆರ್ಡರ್‌ಗೆ ನಾನು 'ಇನ್‌ಸ್ಟಾ' ಲೇಬಲ್ ಹಾಕುತ್ತಿದ್ದೆ. ಪಾರ್ಸೆಲ್ ಮೇಲಿನ ಹೆಸರು ನೋಡಿ ಅವರೆಂದರು, "ಇದು ನಮ್ಮ ಮೇಲಿನಮನೆ ಕೂಸಲ್ದಾ? ಅದಕ್ಕೆ ಜಾಹೀರಾತು ಎಂತಕ್ಕೆ?" ಹೌದಲ್ಲ! ಚಿಕ್ಕಂದಿನಿಂದ ನಮ್ಮನೆ ಮಿಡಿ ತಿಂದು ಬೆಳೆದ ಹುಡುಗಿ. ಆ್ಯಡ್ ಕಣ್ಣಿಗೆ ಬಿತ್ತು, ಒತ್ತಿದಳು. ಬೀಳದಿದ್ದರೆ ಫೋನ್ ಮಾಡುತ್ತಿದ್ದಳು. ಅಂಥ ಆರ್ಡರನ್ನೂ ಆ್ಯಡ್‌ನ ಖಾತೆಗೆ ಬರೆದರೆ ನಮಗೆ ನಾವೇ ಟೋಪಿ ಹಾಕಿಕೊಂಡ ಹಾಗೆ. ಅವತ್ತಿನಿಂದ 'ಹಳಬರು' ಅಂತ ಬೇರೆ ಲೇಬಲ್ ಬಂತು. ಅನುಮಾನ ಬಂದರೆ ಅತ್ತೆಗೆ ತೋರಿಸುತ್ತೇನೆ.

2023ರ ಮಾರ್ಚ್‌ನ ಲೆಕ್ಕ ನೋಡಿ. ಆ್ಯಡ್‌ಗೆ 6,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 7,080. ನಮಗೆ ಜಿಎಸ್‌ಟಿ ನೋಂದಣಿ ಇಲ್ಲ, ಆ 1,080 ವಾಪಸ್ ಸಿಗುವ ದಾರಿಯಿಲ್ಲ. ಆ್ಯಡ್‌ನಿಂದ ಬಂದ ಆರ್ಡರ್ 41. ಅದರಲ್ಲಿ 14 ಹಳಬರು. ಹೊಸಬರು 27. ಮಿಡಿ, ಮಸಾಲೆ, ಕೂಲಿ, ಬಾಟಲಿ, ಕೊರಿಯರ್ ಎಲ್ಲ ಕಳೆದು ಒಂದು ಆರ್ಡರ್‌ಗೆ ನಮಗೆ ಉಳಿಯುವುದು ಸುಮಾರು 210. ಅಂದರೆ 5,670 ಬಂತು. 1,410 ರೂಪಾಯಿ ಲುಕ್ಸಾನು! 41ನ್ನೂ ಸೇರಿಸಿದ್ದರೆ ಲಾಭ ಅಂತ ಖುಷಿಪಡುತ್ತಿದ್ದೆ. ಯಜಮಾನರು "ಸಾಕು ನಿಲ್ಲಿಸು" ಎಂದರು. ನಾನು ಚಾಟ್ ಅಳಿಸದೆ ಕಾದೆ. ದೀಪಾವಳಿ ಕಳೆಯುವಷ್ಟರಲ್ಲಿ ಆ 27 ಜನರಲ್ಲಿ 11 ಜನ ಮತ್ತೆ ಬಂದಿದ್ದರು. ಒಟ್ಟು 16 ಆರ್ಡರ್, 3,360 ರೂಪಾಯಿ. ಲುಕ್ಸಾನು ತುಂಬಿ 1,950 ಉಳಿಯಿತು. ರಾತ್ರಿ ಕೂತು ರೀಲ್ಸ್ ಮಾಡಿದ ನನ್ನ ಕೂಲಿ ಇದರಲ್ಲಿ ಹಿಡಿದಿಲ್ಲ. ಹಿಡಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಲು ಮನಸ್ಸಿಲ್ಲ.

2024ರಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಬೆಂಗಳೂರಿಗೆ ಮಾತ್ರ ಆ್ಯಡ್ ಹಾಕಿ, ಹುಬ್ಬಳ್ಳಿ-ಧಾರವಾಡಕ್ಕೆ ಇಡೀ ಹಂಗಾಮು ಬಂದ್ ಮಾಡಿದೆ. ಪಾರ್ಸೆಲ್ ಚೀಟಿಯ ಪಿನ್‌ಕೋಡ್ ನೋಡಿದರೆ ಸಾಕು: 560ರಿಂದ ಶುರುವಾದರೆ ಬೆಂಗಳೂರು, 580 ಆದರೆ ಹುಬ್ಬಳ್ಳಿ-ಧಾರವಾಡ. ಹಿಂದಿನ ವರ್ಷ 580ಕ್ಕೆ 36 ಪಾರ್ಸೆಲ್ ಹೋಗಿದ್ದವು, ಆ್ಯಡ್ ಇಲ್ಲದೆ 33 ಹೋದವು. ಅಲ್ಲಿ ನಮ್ಮ ಕಡೆಯವರು ತುಂಬಾ ಇದ್ದಾರೆ, ಬಾಯಿಂದ ಬಾಯಿಗೇ ವ್ಯಾಪಾರ. ಮರುವರ್ಷ ಬೆಂಗಳೂರಿಗೆ ಮೂರು ವಾರ ನಿಲ್ಲಿಸಿದಾಗ ಹೊಸಬರು ಬರುವುದೇ ನಿಂತಿತು. ಸಣ್ಣ ಲೆಕ್ಕ, ಮಿಡಿ ಬೆಳೆಯೂ ವರ್ಷಕ್ಕೊಂದು ಥರ. ಇದೇ ಪಕ್ಕಾ ಎನ್ನಲಾರೆ. ಆದರೂ ಹುಬ್ಬಳ್ಳಿಗೆ ಮತ್ತೆ ಆ್ಯಡ್ ಹಾಕಿಲ್ಲ.

ಆ್ಯಪ್‌ನ ಮಿತಿಯೂ ಹೇಳಬೇಕು. ಲೇಬಲ್ ಒತ್ತಿದರೆ ಚಾಟ್‌ಗಳ ಪಟ್ಟಿ ಸಿಗುತ್ತದೆ, ರೂಪಾಯಿ ಲೆಕ್ಕಕ್ಕೆ ನೋಟ್‌ಬುಕ್ಕೇ ಗತಿ. ಲೇಬಲ್ ಹಾಕುವುದೂ ಕೈಯಿಂದಲೇ. ಕೆಲಸ ಜೋರಾಗಿದ್ದಾಗ ನಾನು ಮೂರು ದಿನ ಮರೆತು, ಆಮೇಲೆ ಎಪ್ಪತ್ತು ಚಾಟ್ ಹಿಂದಕ್ಕೆ ಓದಿದ್ದೇನೆ. ದಿನಕ್ಕೆ ನೂರಾರು ಆರ್ಡರ್ ಇರುವವರಿಗೆ ಈ ದಾರಿ ಆಗದು. ನಮ್ಮಂಥ ಮನೆ ಕಸುಬಿಗೆ, ಪುಕ್ಕಟೆ ಆ್ಯಪ್‌ಗೆ, ಐದಕ್ಕೆ ನಾಲ್ಕು ಕೊಡುತ್ತೇನೆ.

ಈ ಸಲ ಹೂ ಬಿಟ್ಟ ಹೊತ್ತಿಗೇ ಮೋಡ ಹಿಡಿದು ಮರದಲ್ಲಿ ಮಿಡಿ ನಿಂತಿಲ್ಲ. 'ಹಳಬರು' ಲೇಬಲ್‌ನಲ್ಲಿ ಇರುವವರಿಗೇ ಬಾಟಲಿ ಸಾಲದು. ಆ್ಯಡ್ ಎಲ್ಲ ನಿಲ್ಲಿಸಿದ್ದೇನೆ. ಯಾರಿಗೆ ಎರಡು, ಯಾರಿಗೆ ಒಂದೇ ಅಂತ ಅತ್ತೆ ಚೀಟಿ ಬರೆಯುತ್ತಿದ್ದಾರೆ.