ಚೆಂಡೆಯ ಮೈಕಿನ ಊರಲ್ಲಿ ಪಿಟೀಲಿಗೊಂದು ಪಿಕಪ್: ಫಿಶ್‌ಮನ್ ವಿ-200 ವಿಮರ್ಶೆ

ಡ್ರಮ್‌ಸೆಟ್, ಬೇಸ್ ಗಿಟಾರ್, ಕೀಬೋರ್ಡ್‌ಗಳ ನಡುವೆ ಕೂತು ಕೀರವಾಣಿ ನುಡಿಸಬೇಕಾದ ಕರ್ನಾಟಕ ಶೈಲಿಯ ಪಿಟೀಲಿಗರು ಫಿಶ್‌ಮನ್ ವಿ-200 ಪಿಕಪ್ಪನ್ನು (ತಂತಿಯ ಕಂಪನವನ್ನು ವಾದ್ಯದಿಂದಲೇ ಹಿಡಿದು ವಿದ್ಯುತ್ ಸಂಕೇತ ಮಾಡುವ ಸಾಧನ) ಧೈರ್ಯವಾಗಿ ಕೊಳ್ಳಬಹುದು. ಪಿಯಾನೊ ಮತ್ತು ಮೃದಂಗ ಮಾತ್ರ ಇರುವ ಮೆಲುದನಿಯ ಕಛೇರಿಗೆ ಇದು ಬೇಡ, ಅಲ್ಲಿ ಒಳ್ಳೆಯ ಮೈಕೇ ವಾಸಿ. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು: ಜೊತೆಗೆ ಸರಿಯಾದ ಪ್ರೀಆಂಪ್ (ಪಿಕಪ್ಪಿನ ಕ್ಷೀಣ ಸಂಕೇತವನ್ನು ಮಿಕ್ಸರಿಗೆ ತಕ್ಕಂತೆ ಮಾಡುವ ಪೆಟ್ಟಿಗೆ) ಇಲ್ಲದಿದ್ದರೆ ಈ ಪಿಕಪ್ಪಿಗೆ ಕೊಟ್ಟ ದುಡ್ಡು ದಂಡ. "ಪಿಕಪ್ ಹಾಕಿದರೆ ಪಿಟೀಲು ಸೊಳ್ಳೆಯ ಹಾಗೆ ಕೇಳುತ್ತದೆ" ಎಂಬ ದೂರಿನ ಬಹುಪಾಲು ಕಾರಣ ಪಿಕಪ್ಪಿನಲ್ಲಿಲ್ಲ, ಅದನ್ನು ಚುಚ್ಚುವ ಜಾಗದಲ್ಲಿದೆ.

ನಮ್ಮ ಕಾಸರಗೋಡು ಸೀಮೆಯಲ್ಲಿ, ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗೆ ಸಂಗೀತಕ್ಕೆ ಸಿಗುವ ವೇದಿಕೆಗಳನ್ನು ನೆನಪಿಸಿಕೊಳ್ಳಿ: ದೇವಸ್ಥಾನದ ಅಂಗಳದ ಚಪ್ಪರ, ಮೂರು ಬದಿ ತೆರೆದ ತಗಡಿನ ಮಾಡಿನ ಸಭಾಂಗಣ, ಶಾಲೆಯ ಹಾಲ್. ಧ್ವನಿವರ್ಧಕದವರು ಹೆಚ್ಚಾಗಿ ಯಕ್ಷಗಾನದ ಆಟಕ್ಕೆ ಮೈಕ್ ಕಟ್ಟಿ ಪಳಗಿದವರು. ಚೆಂಡೆ, ಮದ್ದಳೆ, ಭಾಗವತರ ಕಂಠ ಇವನ್ನು ಗದ್ದೆಯ ಆಚೆ ಬದಿಗೂ ಕೇಳಿಸುವ ವಿದ್ಯೆ ಅವರಿಗೆ ಚೆನ್ನಾಗಿ ಗೊತ್ತು. ಆದರೆ ಭಾಗವತಿಕೆಗೆ ಹೊಂದಿಸಿದ ಎಕೋ, ಮೇಲೆತ್ತಿದ ಮಿಡ್ (ನಡುದನಿ) ಹಾಗೇ ಉಳಿದರೆ ಪಿಟೀಲಿನ ಗಮಕ (ಸ್ವರವನ್ನು ತೂಗಿ, ಜಾರಿಸಿ ನುಡಿಸುವುದು) ಕಲಸಿಹೋಗುತ್ತದೆ. ಒಂದು ಜಾರಿನ ಬಾಲ ಇನ್ನೊಂದು ಜಾರಿನ ತಲೆಗೆ ಅಂಟಿಕೊಳ್ಳುತ್ತದೆ. ಪಿಟೀಲಿನ ಚಾನೆಲ್‌ಗೆ ಎಕೋ ಬೇಡವೆಂದು ಕಾರ್ಯಕ್ರಮಕ್ಕೆ ಮುಂಚೆ ಕೇಳಿಕೊಂಡರೆ ಅರ್ಧ ಕೆಲಸ ಆದಂತೆ.

ಪೂರ್ವ-ಪಶ್ಚಿಮ ಬೆರೆಸುವ ಕಛೇರಿಗಳಲ್ಲಿ ಮೊದಲು ಮುಳುಗುವ ವಾದ್ಯ ಪಿಟೀಲೇ, ಅದೇ ಬೇಸರದ ಸಂಗತಿ. ಈ ಬೆರಕೆಯ ಮೊದಲ ವಾದ್ಯವೂ ಅದೇ ತಾನೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿಯನ್ನರ ಬಳಿ ಪಿಟೀಲು ಕಲಿತು ಅದನ್ನು ನಮ್ಮ ಕಛೇರಿಗೆ ತಂದರು. ಅಣ್ಣ ಪಾಶ್ಚಾತ್ಯ ಬ್ಯಾಂಡಿನ ಧಾಟಿಗಳಿಗೆ ಶಂಕರಾಭರಣ ರಾಗದಲ್ಲಿ ನೊಟ್ಟುಸ್ವರ ಎಂಬ ರಚನೆಗಳ ಸಾಹಿತ್ಯ ಕಟ್ಟಿದರು. ನಮ್ಮ ನೆರೆಯ ಬಂಟ್ವಾಳ ಸೀಮೆಯ ಕದ್ರಿ ಗೋಪಾಲನಾಥರು 1994ರಲ್ಲಿ ಲಂಡನ್ನಿನ ಸಂಗೀತೋತ್ಸವ ಬಿಬಿಸಿ ಪ್ರಾಮ್ಸ್‌ವರೆಗೆ ಒಯ್ದ ಸ್ಯಾಕ್ಸೊಫೋನಿಗೆ ಡ್ರಮ್ಸ್ ಎದುರು ನಿಲ್ಲುವ ಶಕ್ತಿ ಹುಟ್ಟಿನಿಂದಲೇ ಇದೆ. ಪಿಟೀಲಿಗೆ ಅದಿಲ್ಲ. ಪಿಟೀಲು ವಿದ್ವಾಂಸ ಎಲ್. ಶಂಕರ್ ಅವರು ಎರಡು ಕುತ್ತಿಗೆಯ ಹತ್ತು ತಂತಿಯ ಎಲೆಕ್ಟ್ರಿಕ್ ಪಿಟೀಲನ್ನೇ ಮಾಡಿಸಿಕೊಂಡರು. ಇರುವ ಮರದ ಪಿಟೀಲನ್ನೇ ಇಟ್ಟುಕೊಂಡು ಗೆಲ್ಲಬೇಕೆಂದರೆ ಪಿಕಪ್ಪೇ ದಾರಿ.

ವಿ-200 ಪಿಯೆಜೊ ಜಾತಿಯದು, ಅಂದರೆ ಒತ್ತಡ-ಕಂಪನವನ್ನು ವಿದ್ಯುತ್ತಾಗಿಸುವ ಬಗೆ. ಬ್ಯಾಟರಿ ಇಲ್ಲ, ಗುಂಡಿಗಳಿಲ್ಲ. ತಂತಿಗಳನ್ನು ಹೊರುವ ಕುದುರೆಯ ಬದಿಗೆ ರೆಕ್ಕೆಯಂತೆ ಚಾಚಿದ ಭಾಗದ ಕೆಳಗೆ ಒಂದು ಸೀಳು ಇರುತ್ತದಲ್ಲ, ಪಿಕಪ್ಪಿನ ತೆಳು ಪಟ್ಟಿ ಕೂರುವುದು ಅಲ್ಲಿ. ಅದರಿಂದ ಹೊರಟ ಸಣ್ಣ ತಂತು ಪಿಟೀಲಿನ ಅಂಚಿಗೆ ಬಿಗಿಯುವ ಜ್ಯಾಕಿಗೆ (ಕೇಬಲ್ ಚುಚ್ಚುವ ಜಾಗ) ಹೋಗುತ್ತದೆ. ಚಿನ್‌ರೆಸ್ಟ್ ಬಿಗಿದ ಹಾಗೆಯೇ ಕಾರ್ಕ್ ಇರುವ ಹಿಡಿಕೆ, ಎರಡು ತಿರುಪು. ಮರಕ್ಕೆ ತೂತು ಕೊರೆಯುವ ಅಗತ್ಯವೇ ಇಲ್ಲ, ಬೇಡವಾದ ದಿನ ಬಿಚ್ಚಿ ತೆಗೆಯಬಹುದು. ಹಳೆಯ ಒಳ್ಳೆಯ ಪಿಟೀಲು ಇರುವವರಿಗೆ ಇದು ಸಣ್ಣ ಮಾತಲ್ಲ.

ಕೂರಿಸುವಾಗ ಅವಸರ ಮಾಡಬೇಡಿ. ನಾಲ್ಕೂ ತಂತಿಯನ್ನು ಒಟ್ಟಿಗೆ ಪೂರ್ತಿ ಸಡಿಲಿಸಿದರೆ ಒಳಗಿನ ಸೌಂಡ್ ಪೋಸ್ಟ್ (ಮೇಲಿನ-ಕೆಳಗಿನ ಹಲಗೆಗಳ ನಡುವೆ ನಿಂತ ಸಣ್ಣ ಕಡ್ಡಿ) ಬೀಳುವ ಅಪಾಯವಿದೆ. ಅದು ಬಿದ್ದರೆ ಮತ್ತೆ ನಿಲ್ಲಿಸುವುದಕ್ಕೆ ಕುಶಲಿಗಳೇ ಬೇಕು. ಒಂದೊಂದು ತಂತಿಯನ್ನೂ ಸ್ವಲ್ಪ ಮಾತ್ರ ಇಳಿಸಿ, ಕುದುರೆಯನ್ನು ಒಂದು ಕೈಯಲ್ಲಿ ಹಿಡಿದು ಪಟ್ಟಿಯನ್ನು ಸೀಳಿಗೆ ನಿಧಾನವಾಗಿ ಸರಿಸಿ. ಬೆರಳಿನ ಸಾಧಾರಣ ಒತ್ತಿಗೆ ಒಳಹೋಗಿ, ಅಲ್ಲಾಡದೆ ನಿಲ್ಲಬೇಕು. ಸಡಿಲವಾದರೆ ದನಿ ಬಡಕಲು, ಮೇಲಿಂದ ಝರಝರ ಸದ್ದು. ತೀರಾ ಬಿಗಿಯಾದರೆ ರೆಕ್ಕೆ ಸೀಳಬಹುದು, ಮೈಕಿಲ್ಲದ ನಾದವೂ ಮಂಕಾಗುತ್ತದೆ. ಬಿಗಿ ಇದ್ದರೆ ಕುದುರೆಯ ಸೀಳನ್ನು ನುಣುಪು ಮರಳು ಕಾಗದದಿಂದ ತುಸು ಉಜ್ಜಿ, ಪಿಕಪ್ಪನ್ನು ಮಾತ್ರ ಉಜ್ಜಬೇಡಿ. ಸಣ್ಣ ತಂತು ಪಿಟೀಲಿನ ಮೇಲ್ಮೈಗೆ ತಾಗಿದರೆ ಕೆಲವು ಸ್ವರಗಳಲ್ಲಿ ಮಾತ್ರ ಗುಂಯ್‌ಗುಟ್ಟುತ್ತದೆ, ಕಾರಣ ಹುಡುಕಿ ಸಾಕಾಗುತ್ತದೆ. ಮೊದಲೇ ಗಾಳಿಯಲ್ಲಿ ನಿಲ್ಲುವ ಹಾಗೆ ಬಗ್ಗಿಸಿಡಿ.

ಇಲ್ಲಿಂದ ಮುಂದಿನದು ನಮ್ಮ ಶೈಲಿಯವರದೇ ಸಮಸ್ಯೆ, ಪೆಟ್ಟಿಗೆಯೊಳಗಿನ ಕಾಗದದಲ್ಲಿ ಹುಡುಕಬೇಡಿ. ಜ್ಯಾಕನ್ನು ನಿಂತು ನುಡಿಸುವವರ ಅನುಕೂಲ ನೋಡಿ ಮಾಡಿದ್ದಾರೆ. ನಾವು ಕೂತು, ಪಿಟೀಲಿನ ತಲೆಯನ್ನು ಬಲಗಾಲಿನ ಪಾದದ ಮೇಲಿಟ್ಟು, ಬುಡವನ್ನು ಎದೆಗೆ ಆನಿಸಿ ನುಡಿಸುವವರು. ಚಿನ್‌ರೆಸ್ಟಿನ ಪಕ್ಕವೇ ಜ್ಯಾಕ್ ಕೂತರೆ ಅಂಗಿಯೋ ಸೆರಗೋ ಉಜ್ಜಿ ಪರಪರ ಸದ್ದು ಬರುತ್ತದೆ. ಜ್ಯಾಕನ್ನು ಅಂಚಿನುದ್ದಕ್ಕೂ ಸ್ವಲ್ಪ ಮುಂದೆ ಸರಿಸಿ, ನೇರ ಪಿನ್ನಿನ ಬದಲು ಮಡಚಿದ ಪಿನ್ನಿನ ಕೇಬಲ್ ಬಳಸಿ, ಕೇಬಲನ್ನು ತೊಡೆಯ ಬಳಿ ಚಾಪೆಗೆ ಟೇಪ್ ಹಾಕಿ ಅಂಟಿಸಿ. ಜಾರಿಗೆ ಬೆರಳಿಗೆ ಹಚ್ಚುವ ಎಣ್ಣೆ ಜ್ಯಾಕಿಗೂ ಪಿನ್ನಿಗೂ ತಾಗದಿರಲಿ.

ಅದಕ್ಕಿಂತ ದೊಡ್ಡ ಉಪದ್ರ ಕಾಲಿನದು. ಪಿಟೀಲು ಪಾದದ ಮೇಲೆ ಇರುವಾಗ ಆ ಕಾಲು ತಾಳಕ್ಕೆ ಮಿಡಿದರೆ ಮೈಕಿನಲ್ಲಿ ಅದು ಗೊತ್ತೇ ಆಗುವುದಿಲ್ಲ, ಪಿಕಪ್ಪಿನಲ್ಲಿ ಪ್ರತಿ ಏಟೂ ಧಬ್ ಎಂದು ಸಬ್‌ವೂಫರಿನಲ್ಲಿ ಬೀಳುತ್ತದೆ. ಮಿಶ್ರಛಾಪಿನ ಏಳು ಎಣಿಕೆಯಲ್ಲಿ ಡ್ರಮ್ಮರ್ ಕಿಕ್ ಇಡುವ ಜಾಗ ಬೇರೆ, ನಿಮ್ಮ ಪಾದ ಮಿಡಿಯುವ ಜಾಗ ಬೇರೆ ಆದಾಗ ಲಯವೇ ಕೆಟ್ಟಂತೆ ಕೇಳುತ್ತದೆ. ಪರಿಹಾರ ಲೋ-ಕಟ್, ಅಂದರೆ ತೀರಾ ಕೆಳಗಿನ ದನಿಗಳನ್ನು ಕತ್ತರಿಸುವ ಗುಂಡಿ. ಬಿಳಿ ಐದರ (ಪಾಶ್ಚಾತ್ಯರ ಜಿ) ಶ್ರುತಿಯಲ್ಲಿ ಕೆಳಗಿನ ತಂತಿಯ ಷಡ್ಜ 196 ಹರ್ಟ್ಸ್. ಹಾಗಾಗಿ 120 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ನಿಶ್ಚಿಂತೆಯಿಂದ ಕತ್ತರಿಸಬಹುದು. ಕೆಳತಂತಿಯನ್ನು ಕಪ್ಪು ಒಂದರ (ಸಿ-ಶಾರ್ಪ್) ಷಡ್ಜಕ್ಕೆ ಇಳಿಸಿದ್ದರೆ ಅದು 139 ಹರ್ಟ್ಸ್ ಆಸುಪಾಸು, ಆಗ ಕತ್ತರಿ 100ರಲ್ಲಿ ನಿಲ್ಲಲಿ.

ಇನ್ನು ಸೊಳ್ಳೆ ದನಿಯ ವಿಚಾರ. ಪಿಯೆಜೊ ಒಂದು ಪುಟ್ಟ ಕೆಪಾಸಿಟರಿನ ಹಾಗೆ ವರ್ತಿಸುತ್ತದೆ. ಅದನ್ನು ಚುಚ್ಚಿದ ಇನ್‌ಪುಟ್ಟಿನ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಕಡಿಮೆ ಇದ್ದಷ್ಟೂ ಕೆಳದನಿ ಸೋರಿಹೋಗುತ್ತದೆ. ಲೆಕ್ಕ ಸುಲಭ: 1 ನ್ಯಾನೊಫ್ಯಾರಡ್ ಇರುವ ಪಿಯೆಜೊ ಒಂದನ್ನು 10 ಕಿಲೊ ಓಮಿನ ಸಾಮಾನ್ಯ ಲೈನ್ ಇನ್‌ಪುಟ್ಟಿಗೆ ಕೊಟ್ಟರೆ ಸುಮಾರು 16,000 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಇಳಿಜಾರಿಗೆ ಬೀಳುತ್ತದೆ, ಅಂದರೆ ಇಡೀ ಪಿಟೀಲೇ ಬಿತ್ತು. 1 ಮೆಗಾ ಓಮ್ ಆದರೆ ಆ ಗಡಿ 159 ಹರ್ಟ್ಸ್‌ಗೆ ಇಳಿಯುತ್ತದೆ. ಬಿಳಿ ಐದಕ್ಕೆ ಪರವಾಗಿಲ್ಲ, ಕಪ್ಪು ಒಂದರ ಮಂದ್ರಕ್ಕೆ ಸಾಲದು. 10 ಮೆಗಾ ಓಮ್ ಆದರೆ 16 ಹರ್ಟ್ಸ್, ಏನೂ ನಷ್ಟವಿಲ್ಲ. ಆದ್ದರಿಂದ 10 ಮೆಗಾ ಓಮ್ ಇನ್‌ಪುಟ್ ಇರುವ ಎಲ್.ಆರ್. ಬ್ಯಾಗ್ಸ್ ಪ್ಯಾರಾ ಡಿ.ಐ. ಥರದ ಪ್ರೀಆಂಪ್ ಪೆಟ್ಟಿಗೆಯನ್ನು ಪಿಕಪ್ಪಿನ ಭಾಗವೆಂದೇ ತಿಳಿದು ಲೆಕ್ಕ ಹಾಕಿ. ಅದು 9 ವೋಲ್ಟ್ ಬ್ಯಾಟರಿಯಲ್ಲೂ ಮಿಕ್ಸರ್ ಕೇಬಲಿನಲ್ಲೇ ಕಳುಹಿಸುವ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ತಿನಲ್ಲೂ ನಡೆಯುತ್ತದೆ, ಕೂಗು ಎದ್ದ ಜಾಗವನ್ನಷ್ಟೇ ಕೆತ್ತಿ ತೆಗೆಯುವ ನಾಚ್ ಗುಂಡಿಯೂ ಇದೆ. ತಗಡಿನ ಮಾಡಿನ ಕೆಳಗೆ ಆ ಒಂದು ಗುಂಡಿಗೇ ಬೆಲೆ ಕೊಡಬಹುದು. ಮಿಕ್ಸರಿನಲ್ಲಿ ಗಿಟಾರಿಗೆಂದು ಹೈ-ಝಡ್ (ಹೆಚ್ಚು ಇಂಪೀಡೆನ್ಸಿನ) ಇನ್‌ಪುಟ್ ಇದ್ದರೆ ತುರ್ತಿಗೆ ನಡೆದೀತು; ಅವು ಸಾಮಾನ್ಯವಾಗಿ 1 ಮೆಗಾ ಓಮ್ ಆಸುಪಾಸು. ಪಿಟೀಲಿನಿಂದ ಪ್ರೀಆಂಪಿನವರೆಗಿನ ಕೇಬಲ್ 3 ಮೀಟರ್ ಮೀರದಿರಲಿ, ಅಲ್ಲಿಂದ ಮಿಕ್ಸರಿಗೆ ಎಕ್ಸ್ಎಲ್ಆರ್ ಕೇಬಲ್ ಎಷ್ಟು ಉದ್ದವಾದರೂ ಹೋಗಲಿ. ಫ್ಯಾಂಟಮ್ ಹಾಕುವ ಮೊದಲು ಚಾನೆಲ್ ಮ್ಯೂಟ್ ಮಾಡಿಸಿ.

ಜನರೇಟರಿನಲ್ಲೋ ತಾತ್ಕಾಲಿಕ ಕನೆಕ್ಷನ್ನಿನಲ್ಲೋ ನಡೆಯುವ ಕಾರ್ಯಕ್ರಮದಲ್ಲಿ ಗುಂಯ್ ಎಂಬ ಹಮ್ ಬಂದರೆ ಡಿ.ಐ. ಪೆಟ್ಟಿಗೆಯಲ್ಲಿ ಗ್ರೌಂಡ್ ಲಿಫ್ಟ್ (ಸಂಕೇತದ ಗ್ರೌಂಡ್ ಜೋಡಣೆ ಬಿಡಿಸುವ ಗುಂಡಿ) ಇದ್ದರೆ ಒತ್ತಿ ನೋಡಿ. ಕೀಬೋರ್ಡಿನದೋ ಆಂಪಿನದೋ ಪ್ಲಗ್ಗಿನ ಅರ್ತ್ ಪಿನ್ ಮುರಿದು ಹಮ್ ನಿಲ್ಲಿಸುವ ಉಪಾಯ ಯಾರು ಹೇಳಿದರೂ ಒಪ್ಪಬೇಡಿ. ಮಳೆಗಾಲದ ಒದ್ದೆ ನೆಲದ ಮೇಲೆ ಲೋಹದ ತಂತಿ ಹಿಡಿದು ಕೂತವರಿಗೆ ಅದು ಜೀವದ ಪ್ರಶ್ನೆ.

ದನಿಯ ಗುಣಕ್ಕೆ ಬಂದರೆ ವಿ-200 ಪ್ರಾಮಾಣಿಕ, ಸಿಹಿ ಅಲ್ಲ. ವೇಗದ ಸ್ವರಕಲ್ಪನೆ, ಡ್ರಮ್ಸ್ ಜೊತೆಗಿನ ಸವಾಲ್-ಜವಾಬು, ಬೇಸ್ ಗಿಟಾರಿನ ಜೊತೆ ಏಕಸ್ವರದ ಓಟ ಇವುಗಳಲ್ಲಿ ಪ್ರತಿ ಸ್ವರದ ಮೊನೆ ಸ್ಪಷ್ಟ. ಬಿಲ್ಲು ತಿರುಗುವ ಕ್ಷಣ ಮಾತ್ರ ಒರಟಾಗಿ ಕೇಳುತ್ತದೆ, ಉಕ್ಕಿನ ಮೊದಲ ತಂತಿಯಲ್ಲಿ ಹೆಚ್ಚು. 2,500ರಿಂದ 4,000 ಹರ್ಟ್ಸ್ ನಡುವೆ 3-4 ಡೆಸಿಬೆಲ್ ಇಳಿಸಿದರೆ ಕಿವಿಗೆ ಹಿತ. ವಿಳಂಬ ಆಲಾಪನೆಯಲ್ಲಿ ಅದರ ಕೊರತೆ ಎದ್ದು ಕಾಣುತ್ತದೆ. ತೋಡಿಯ ಗಾಂಧಾರವನ್ನು ಬಿಲ್ಲಿನ ಒತ್ತು ತೆಗೆದು ತೂಗಿಸುವಾಗ ಮರದ ಮೈಯಿಂದ ಗಾಳಿಗೆ ಬರುವ ಒಂದು ಉಸಿರಿದೆಯಲ್ಲ, ಕುದುರೆಯಲ್ಲಿ ಕೂತ ಪಿಕಪ್ಪಿಗೆ ಅದು ಸಿಗುವುದೇ ಇಲ್ಲ. ಡಿಪಿಎ 4099 ಥರದ ಕ್ಲಿಪ್ ಮೈಕಿಗೆ ಸಿಗುತ್ತದೆ. ಆದರೆ ಅದರ ಬೆಲೆ ಹಲವು ಪಟ್ಟು, ಮಿಕ್ಸರಿಗೆ ನೇರ ಕೊಟ್ಟರೆ 48 ವೋಲ್ಟ್ ಬೇಕು, ಹಿಂದೆ ಎರಡಡಿ ದೂರದಲ್ಲಿ ಡ್ರಮ್ಸ್ ಇದ್ದರೆ ಸಿಂಬಲ್ಲಿನ ಸದ್ದನ್ನೂ ಹೊತ್ತು ತರುತ್ತದೆ. ಸಾಧ್ಯವಿದ್ದವರು ಎರಡನ್ನೂ ಬಳಸಲಿ: ಮಾನಿಟರಿಗೆ ಪಿಕಪ್, ಸಭೆಗೆ ಮೈಕ್ ಮುಖ್ಯವಾಗಿ, ಪಿಕಪ್ ಒಗ್ಗರಣೆಯಷ್ಟು. ಎರಡೂ ಸೇರಿದಾಗ ದನಿ ಟೊಳ್ಳಾದರೆ ಒಂದರ ಫೇಸ್ (ಅಲೆಯ ಮೇಲು-ಕೆಳಗು) ತಿರುಗಿಸಿ ನೋಡಿ.

ದನಿಯ ಏರಿಳಿತವನ್ನು ಒತ್ತಿ ಸಮ ಮಾಡುವ ಕಂಪ್ರೆಸರ್ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ. ಪಾಶ್ಚಾತ್ಯ ಪಾಪ್ ಪಿಟೀಲಿಗೆ ಹಾಕಿದಷ್ಟು ನಮ್ಮದಕ್ಕೆ ಹಾಕಬಾರದು. ಗಮಕದ ಜೀವ ಇರುವುದೇ ಏರಿಳಿತದಲ್ಲಿ. ಅದನ್ನು ಸಮತಟ್ಟು ಮಾಡಿದರೆ ಕಂಪಿತ ಬರೀ ನಡುಕವಾಗುತ್ತದೆ. ಒತ್ತುವ ಅನುಪಾತ 2:1 ಮೀರುವುದು ಬೇಡ.

ಪಿಕಪ್ ಬಂದ ಮೇಲೆ ಶ್ರುತಿಯ ತಪ್ಪುಗಳೂ ದೊಡ್ಡದಾಗಿ ಕೇಳುತ್ತವೆ, ಹಾಗಾಗಿ ಆ ವಿಚಾರವನ್ನೂ ಇಲ್ಲೇ ಹೇಳಬೇಕು. ಡಿಜಿಟಲ್ ಕೀಬೋರ್ಡಿನ ಶ್ರುತಿ ಅಲ್ಲಾಡುವುದಿಲ್ಲ, ಆದ್ದರಿಂದ ಎಲ್ಲರೂ ಅದಕ್ಕೇ ಸೇರಿಸಿಕೊಳ್ಳಲಿ. ಸೆಕೆ ಏರಿದಂತೆ ತಂತಿ ಇಳಿಯುತ್ತದೆ, ಕೊಳಲು-ಸ್ಯಾಕ್ಸೊಫೋನ್ ಡಿಗ್ರಿಗೆ ಸುಮಾರು 3 ಸೆಂಟ್ಸ್ ಏರುತ್ತವೆ (ಪಕ್ಕಪಕ್ಕದ ಎರಡು ಕೀಲಿಗಳ ಅಂತರದ ನೂರನೇ ಒಂದು ಭಾಗ ಒಂದು ಸೆಂಟ್). ಮಾರ್ಚ್ ಜಾತ್ರೆಯ ಚಪ್ಪರದಲ್ಲಿ ಲೈಟ್ ಹೊತ್ತಿ ಐದು ಡಿಗ್ರಿ ಏರಿದರೆ 15 ಸೆಂಟ್ಸ್ ಆಯಿತು. ಎರಡು ಕೃತಿಗೊಮ್ಮೆ ಬಿರಡೆ ನೋಡದೆ ಗತಿಯಿಲ್ಲ. ಕೀಬೋರ್ಡಿನ ಸಮಭಾಗದ ಶ್ರುತಿಯಲ್ಲಿ ಪಂಚಮ ನಮ್ಮದಕ್ಕಿಂತ 2 ಸೆಂಟ್ಸ್ ಮಾತ್ರ ಕಡಿಮೆ, ಕಿವಿಗೆ ಬೀಳದು. ಅಂತರ ಗಾಂಧಾರ ಮಾತ್ರ 14 ಸೆಂಟ್ಸ್ ಹೆಚ್ಚು. ಶಂಕರಾಭರಣದ ಗಾಂಧಾರದ ಮೇಲೆ ನೀವು ದೀರ್ಘ ನಿಂತಾಗ ಕೀಬೋರ್ಡಿನವರು ಮೇಜರ್ ಕಾರ್ಡ್ ಪೂರ್ತಿ ಒತ್ತಿ ಹಿಡಿದರೆ ತಿಕ್ಕಾಟ ಕೇಳಿಯೇ ಕೇಳುತ್ತದೆ. ಅಲ್ಲಿ ಗಾಂಧಾರ ಬಿಟ್ಟು ಷಡ್ಜ-ಪಂಚಮ ಮಾತ್ರ ಹಿಡಿಯಲು ಹೇಳಿ. ಹಾರ್ಮೋನಿಕ್ ಮೈನರ್‌ಗೆ ಸಮನಾದ ಕೀರವಾಣಿ, ಮೆಲೋಡಿಕ್ ಮೈನರಿನ ಆರೋಹಣದಂಥ ಗೌರೀಮನೋಹರಿ ಇವು ಕಾರ್ಡ್‌ಗಳನ್ನು ಸಲೀಸಾಗಿ ಹೊರುತ್ತವೆ. ತೋಡಿ, ಭೈರವಿಗಳಿಗೆ ಕಾರ್ಡ್ ಹೊಂದಿಸುವ ಹಠ ಬೇಡ, ಬರೀ ಶ್ರುತಿ ಸಾಕು.

ನಿರ್ವಹಣೆ ಹೆಚ್ಚಿಲ್ಲ. ನಮ್ಮ ಮಳೆಗಾಲದ ತೇವಕ್ಕೂ ಬೇಸಗೆಗೂ ಸೀಳಿನ ಬಿಗಿ ಬದಲಾಗಬಹುದು. ಜೂನ್ ಮತ್ತು ಫೆಬ್ರವರಿಯಲ್ಲಿ ಒಮ್ಮೆ ಬೆರಳಿಟ್ಟು ನೋಡಿ. ಕಡಲಗಾಳಿಗೆ ಜ್ಯಾಕಿನ ಒಳಗೆ ಕಿಲುಬು ಹಿಡಿದರೆ ಕರಕರ ಸದ್ದು ಬರುತ್ತದೆ, ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮ್ಮು ಸಾಕು. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡುವುದು ಪಿಕಪ್ಪಿಗಿಂತ ಪಿಟೀಲಿನ ಅಂಟಿಗೆ ಮುಖ್ಯ. ಪ್ರೀಆಂಪಿನ ಬ್ಯಾಟರಿಯನ್ನು ಕೇಬಲ್ ಚುಚ್ಚಿಟ್ಟು ಮರೆತರೆ ಅದು ಸದ್ದಿಲ್ಲದೆ ಖಾಲಿಯಾಗುತ್ತದೆ. ನುಡಿಸಿ ಮುಗಿದ ಕೂಡಲೇ ಕೇಬಲ್ ಎಳೆಯಿರಿ, ಜೊತೆಗೊಂದು ಹೊಸ 9 ವೋಲ್ಟ್ ಬ್ಯಾಟರಿ ಇರಲಿ. ರಾತ್ರಿ ಒಂಬತ್ತಕ್ಕೆ ಬದಿಯಡ್ಕದಲ್ಲೋ ಮುಳ್ಳೇರಿಯದಲ್ಲೋ ಅದನ್ನು ಹುಡುಕಿಕೊಂಡು ಹೋಗುವ ಪಾಡು ಬೇಡ.